ಮಣ್ಣಿಗೆ ಹೋದ ಬಿಲ್ಲೆ

ಹೊಸ ಬಿಲ್ಲೆ ಕೊರಿಯರ್‌ನಲ್ಲಿ ಬಂದ ದಿನ ದೊಡ್ಡಪಾಲಯ್ಯ ತಂದಿದ್ದ ಬುತ್ತಿ ಬಿಚ್ಚಲೇ ಇಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತು, ಚಂದ್ರಶೇಖರ ಕತ್ತರಿಯಿಂದ ಅಂಟುಪಟ್ಟಿ ಕತ್ತರಿಸುವುದನ್ನೇ ನೋಡುತ್ತಿದ್ದ. ಕೆಂಪು ಪ್ಲಾಸ್ಟಿಕ್ ಡಬ್ಬಿ. ಒಳಗೆ ಸ್ಪಂಜಿನ ಗುಳಿಯಲ್ಲಿ ಬಿಲ್ಲೆ ಹೊಸ ಕಾಲುಂಗುರದ ಹಾಗೆ ಹೊಳೆಯುತ್ತಿತ್ತು.

“ಇಷ್ಟು ದಿನ ಬಿಲ್ಲೆ ಬಿಲ್ಲೆ ಅಂತ ನೆಲ ಕೆರೆದಿದ್ದೇ ಬಂತು. ನೋಡು ಪಾಲಣ್ಣ, ಬಂತಪ್ಪ ಈಗ. ಕಂಪನಿ ಮಾಲು.”

“ಚೆನ್ನಾಗೈತೆ ಚಂದ್ರಣ್ಣ,” ಎಂದ ಪಾಲಯ್ಯ.

ಆ ಕೋಣೆ ಊರಿನ ರೈಫಲ್ ಕ್ಲಬ್ಬಿನದು. ಪಂದ್ಯಕ್ಕೆ ಬೇಕಾದ ತೋಟಾಗಳನ್ನು ಅಲ್ಲೇ ಕೈಯಿಂದ ತುಂಬಿಕೊಳ್ಳಬಹುದು ಎಂಬ ಪರವಾನಗಿ ಕಾಗದ ಗಾಜಿನ ಚೌಕಟ್ಟಿನೊಳಗೆ ಗೋಡೆಯಲ್ಲಿ ತೂಗುತ್ತಿತ್ತು. ಕ್ಲಬ್ಬು ಕಟ್ಟಿದವರು ಚಂದ್ರಶೇಖರನ ತಂದೆ, ಮಿಲ್ಲಿನ ಸಾವ್ಕಾರ ಮಲ್ಲಿಕಾರ್ಜುನಪ್ಪ. ಹೋದ ವರ್ಷ ಶಿವರಾತ್ರಿ ಕಳೆದ ಎಂಟನೇ ದಿನ ತೀರಿಕೊಂಡರು. ಪಾಲಯ್ಯ ಮಿಲ್ಲಿಗೆ ಮೂಟೆ ಹೊರಲು ಬಂದವನು. ಬಿ.ಜಿ. ಕೆರೆ ಪಕ್ಕದ ಹಟ್ಟಿಯ ಬೇಟೆಗಾರರ ಮನೆತನ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಅವನ ಕೈ ನೋಡಿ ಸಾವ್ಕಾರರು ಮೂಟೆ ಬಿಡಿಸಿ ಈ ಕೋಣೆಗೆ ಕರೆತಂದರು. ಅಲ್ಲಿಂದ ಮೂವತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಅಳೆಯುವುದು.

ಬಿಲ್ಲೆ ಎಂದರೆ ಹೆಬ್ಬೆರಳ ಗಾತ್ರದ ಉಕ್ಕಿನ ತುಂಡು, ನಡುವೆ ಒಂದು ತೂತು. ಹಿತ್ತಾಳೆಯ ತೋಟಾಕ್ಕೆ ಗುಂಡು ಕೂರಿಸಿದ ಮೇಲೆ ಗುಂಡಿನ ಮೂತಿಗೆ ಅದನ್ನು ತೊಡಿಸುತ್ತಾರೆ. ಮೂತಿ ಚೂಪು, ಕೆಳಗೆ ಬರುತ್ತಾ ಬರುತ್ತಾ ದಪ್ಪ. ಎಲ್ಲಿ ತೂತು ಬಿಗಿಯುತ್ತದೋ ಅಲ್ಲಿ ಬಿಲ್ಲೆ ಕೂರುತ್ತದೆ. ಆಮೇಲೆ ತೋಟಾದ ತಳದಿಂದ ಬಿಲ್ಲೆಯವರೆಗೆ ವರ್ನಿಯರ್ ಎಂಬ ಅಳತೆಗೋಲು ಹಿಡಿದು ಅದರ ಡಯಲಿನ ಮುಳ್ಳು ನೋಡುವುದು. ಮೂತಿಯ ತುದಿಯನ್ನು ಅಳೆದರೆ ಪ್ರಯೋಜನವಿಲ್ಲ, ತುದಿ ಒಂದೊಂದು ಗುಂಡಿಗೆ ಒಂದೊಂದು ಥರ. ರೈಫಲ್ಲಿನ ಕೊಳವೆಯೊಳಗೆ ಸುತ್ತುಗೀರುಗಳು ಶುರುವಾಗುವ ಜಾಗಕ್ಕೂ ಗುಂಡಿನ ಹೆಗಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಎಲ್ಲ ತೋಟಾಕ್ಕೂ ಅದೇ ಸಂದು ಇದ್ದರೆ ಗುಂಡುಗಳು ಒಂದರ ಬೆನ್ನಿಗೆ ಒಂದು ಹೋಗುತ್ತವೆ. ಇಲ್ಲದಿದ್ದರೆ ಒಕ್ಕಲೆದ್ದ ಹಟ್ಟಿಯ ಹಾಗೆ ದಿಕ್ಕಿಗೊಂದು.

ಹಳೆಯ ಬಿಲ್ಲೆ ಕಂಪನಿ ಮಾಲಲ್ಲ. ಶೇಂಗಾ ಹಿಂಡುವ ಯಂತ್ರದ ಮುರಿದ ಶಾಫ್ಟಿನ ತುಂಡೊಂದನ್ನು ಸಾವ್ಕಾರರು ತಾವೇ ಲೇತಿಗೆ ಕೊಟ್ಟು ಕಡೆದದ್ದು. ಒಂದು ಮಗ್ಗುಲು ಸ್ವಲ್ಪ ಸೊಟ್ಟ, ಅಲ್ಲಿ ಹೆಬ್ಬೆರಳು ಸರಿಯಾಗಿ ಕೂರುತ್ತಿತ್ತು. ಮೊದಲ ದಿನ ಅದನ್ನು ಪಾಲಯ್ಯನ ಅಂಗೈಗೆ ಹಾಕಿ ಅವರು ಹೇಳಿದ ಮಾತು ಅವನಿಗೆ ಈಗಲೂ ಕಿವಿಯಲ್ಲಿತ್ತು.

“ಇದು ಉದ್ದ ಎಷ್ಟು ಅಂತ ಹೇಳಲ್ಲ ಕಣೋ ಪಾಲ. ನಿನ್ನೆಯಂಗೇ ಐತಾ ಇಲ್ವಾ ಅಂತ ಹೇಳುತ್ತೆ, ಅಷ್ಟೇ.”

ಪಾಲಯ್ಯನಿಗೆ ಅದು ತಕ್ಷಣ ತಿಳಿದಿತ್ತು. ಅವರ ಹಟ್ಟಿಯಲ್ಲಿ ಮನೆಗೊಂದು ಸೇರು. ಒಂದು ಅಂಚು ಸವೆದದ್ದು, ಒಂದು ತಳ ಉಬ್ಬಿದ್ದು, ಒಂದು ಬಿದಿರಿನದು. ನವಣೆಯೋ ಸಜ್ಜೆಯೋ ಇನ್ನೊಂದು ಮನೆಯಿಂದ ಇಸ್ಕೊಂಡರೆ ಕಾಳಿನ ಜತೆ ಆ ಮನೆಯ ಸೇರನ್ನೂ ಕೇಳಿ ತರಬೇಕು. ಸುಗ್ಗಿಯಲ್ಲಿ ಅದೇ ಸೇರಿನಲ್ಲಿ ಅಳೆದು ಕೊಟ್ಟು, ಸೇರನ್ನೂ ಒಪ್ಪಿಸಿ ಬರಬೇಕು. ಒಮ್ಮೆ ಅವನ ಅವ್ವ ಬೇರೆ ಸೇರಿನಲ್ಲಿ ಅಳೆದಳು ಅಂತ ಎರಡು ಮನೆಯವರು ಏಳು ವರ್ಷ ಒಂದೇ ಬಾವಿಯಲ್ಲಿ ನೀರು ಸೇದದೆ ಇದ್ದರು. ಎರಡು ಸೇರಿಗೂ ಸೇರು ಅಂತಲೇ ಹೆಸರು. ಆದರೆ ಇದರ ಒಂದು ಅದರ ಒಂದಲ್ಲ.

ಇಷ್ಟು ಗೊತ್ತಿದ್ದವನು ಅಂಥ ಕೆಲಸ ಮಾಡಬಾರದಿತ್ತು.

ಸಾವ್ಕಾರರನ್ನು ಪರಶುರಾಂಪುರ ರಸ್ತೆಯ ಹೊಲದಲ್ಲಿ ಮಣ್ಣು ಮಾಡಿದರು. ಅವರ ಸಂಪ್ರದಾಯದಂತೆ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ತೊಡೆಯ ಸುತ್ತ ವಿಭೂತಿ, ಬಿಲ್ವಪತ್ರೆ. ಅಯ್ಯನವರು ಮಂತ್ರ ಹೇಳುತ್ತಿದ್ದರು. ಬಂದವರೆಲ್ಲ ಸರದಿಯಲ್ಲಿ ಬಗ್ಗಿ ಮಣ್ಣು ಹಾಕಿ ಹೋಗುತ್ತಿದ್ದರು. ಪಾಲಯ್ಯನ ಸರದಿ ಬಂದಾಗ ಅವನ ಬಲ ಮುಷ್ಟಿಯಲ್ಲಿ ಮಣ್ಣಿನ ಜತೆ ಬಿಲ್ಲೆ ಇತ್ತು. ಅವನ ಮನೆತನದಲ್ಲಿ ಬೇಟೆಗಾರ ಸತ್ತರೆ ಅವನ ಕೈಯ ಸಾಮಾನು ಒಂದನ್ನು ಜತೆಗೆ ಹಾಕದೆ ಕಳಿಸುವುದಿಲ್ಲ. ಅವನಪ್ಪನಿಗೆ ನಾಡಕೋವಿಯ ಮದ್ದು ಜಡಿಯುವ ಗಜ ಹಾಕಿದ್ದರು. ಒಂದೇ ಕೈಗೆ ಪಳಗಿದ ಸಾಮಾನು ಮನೆಯಲ್ಲಿ ಉಳಿದರೆ ಅದು ಆ ಕೈಯನ್ನೇ ಹುಡುಕುತ್ತದೆ ಎಂದು ಹಿರಿಯರ ಮಾತು. ಸಾವ್ಕಾರರನ್ನು ಬರಿಗೈಲಿ ಹೇಗೆ ಕಳಿಸುವುದು? ಮುಷ್ಟಿ ಬಿಚ್ಚಿದ. ಮಣ್ಣಿನ ಜತೆ ಬಿಲ್ಲೆಯೂ ಜಾರಿತು. ವಿಭೂತಿಯ ಮೇಲೆ ಬಿದ್ದದ್ದಕ್ಕೆ ಸಪ್ಪಳವೇ ಆಗಲಿಲ್ಲ. ಯಾರೂ ನೋಡಲಿಲ್ಲ, ಅಥವಾ ನೋಡಲಿಲ್ಲ ಎಂದು ಅವನು ತಿಳಿದುಕೊಂಡ.

ಮೂರನೇ ದಿನ ಕೋಣೆಯ ಕಸ ಗುಡಿಸಲು ಹೋದಾಗ ಮೇಜಿನ ಮೇಲೆ ಸಾವ್ಕಾರರ ನೀಲಿ ನೋಟ್‌ಬುಕ್ಕು ಕಂಡಿತು. ತೆರೆದ. ತಮ್ಮ ರೈಫಲ್ಲಿಗೆ, ಆ ಗುಂಡಿಗೆ, ಮುಳ್ಳು ಎಲ್ಲಿ ನಿಲ್ಲಬೇಕು ಎಂದು ಅವರು ಬರೆದು ಚೌಕ ಹಾಕಿದ್ದರು. ನಲವತ್ತೊಂದು. ಅದು ಹಳೆಯ ಬಿಲ್ಲೆಯ ನಲವತ್ತೊಂದು. ಬಿಲ್ಲೆ ಇಲ್ಲದೆ ಆ ಅಂಕಿ ಸೇರಿಲ್ಲದ ಲೆಕ್ಕ. ಪೊರಕೆ ಹಿಡಿದವನು ಹಾಗೇ ಕೂತುಬಿಟ್ಟ.

ಹಳೆಯ ತೋಟಾ ಒಂದಾದರೂ ಉಳಿದಿದ್ದರೆ ಅದನ್ನು ಹೊಸ ಬಿಲ್ಲೆಯಲ್ಲಿ ಅಳೆದು ವ್ಯತ್ಯಾಸ ಕಂಡುಕೊಳ್ಳಬಹುದಿತ್ತು. ಆದರೆ ಲೈಸೆನ್ಸುದಾರರು ಸತ್ತ ಮೇಲೆ ರೈಫಲ್ಲೂ ತೋಟಾಗಳೂ ಠಾಣೆಗೆ ಹೋದವು. ಹನ್ನೊಂದು ತಿಂಗಳ ಮೇಲೆ ಮೊಮ್ಮಗಳು ತೇಜಶ್ರೀಯ ಹೆಸರಿಗೆ ರೈಫಲ್ ಬಂತು, ತೋಟಾ ಬರಲಿಲ್ಲ.

ತೇಜಶ್ರೀ ಚಂದ್ರಶೇಖರನ ಒಬ್ಬಳೇ ಮಗಳು, ಇಪ್ಪತ್ತಮೂರು ವರ್ಷ. ಹನ್ನೆರಡನೇ ವಯಸ್ಸಿಗೇ ತಾತನ ಪಕ್ಕ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದವಳು. ಅವಳಿಗೆ ಲೈಸೆನ್ಸು ಕೊಟ್ಟದ್ದು ಪಂದ್ಯದ ಆಟಗಾರ್ತಿ ಎಂದು. ಈ ಫಾಲ್ಗುಣದ ಪಂದ್ಯದಲ್ಲಿ ಗೊತ್ತುಪಡಿಸಿದ ಅಂಕ ಬಂದ ಕಾಗದ ತೋರಿಸಬೇಕು. ತೋರಿಸದಿದ್ದರೆ ರೈಫಲ್ ಮತ್ತೆ ಠಾಣೆಯ ಕಪಾಟಿಗೆ, ಈ ಸಲ ಯಾವಾಗ ಬಿಡುತ್ತಾರೋ ಹೇಳುವವರಿಲ್ಲ. ತಾತನ ರೈಫಲ್ ಮನೆಯಲ್ಲಿ ಉಳಿಯುವುದು ಅವಳ ಒಂದು ದಿನದ ಇಪ್ಪತ್ತು ಗುಂಡಿನ ಮೇಲೆ ನಿಂತಿತ್ತು.

ರೈಫಲ್ ಬಂದ ವಾರವೇ ಹಳೆಯ ಬಿಲ್ಲೆಯ ಹುಡುಕಾಟ ಶುರುವಾಗಿತ್ತು.

“ಎಲ್ಲೋಯ್ತು ಪಾಲಣ್ಣ? ಅಪ್ಪಾಜಿ ನಿನ್ನ ಕೈಗಲ್ದೆ ಇನ್ನೊಬ್ಬರ ಕೈಗೆ ಕೊಡ್ತಿರ್ಲಿಲ್ಲ ಅದನ್ನ,” ಎಂದಿದ್ದ ಚಂದ್ರಶೇಖರ.

“ಎಲ್ಲೋ ಬಿದ್ದೋಗೈತೆ ಕಣಣ್ಣ. ಗ್ಯಾನ ಇಲ್ಲ.”

ಮಿಲ್ಲಿನ ಫಿಟ್ಟರ್ ವೀರೇಶ್ ಬಾಯಿ ಬಿಗಿ ಹಿಡಿಯುವವನಲ್ಲ. “ಗುಜರಿಗೆ ಹಾಕಿ ಒಂದು ಕಟ್ಟು ಬೀಡಿ ತಗೊಂಡಿರ್ತಾನೆ ಬಿಡ್ರಿ ಮುದುಕಪ್ಪ. ಹೊಗೆ ಆಗಿ ಹೋಗೈತೆ ನಿಮ್ಮ ಬಿಲ್ಲೆ,” ಎಂದು ನಕ್ಕ. ಪಾಲಯ್ಯ ಬೀಡಿ ಸೇದುವವನೇ ಅಲ್ಲ. ಆದರೂ ಆ ಮಾತಿಗೆ ಸಿಟ್ಟು ಬರಲಿಲ್ಲ, ಹಾಗಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಎರಡು ದಿನ ಎಲ್ಲರ ಜತೆ ತಾನೂ ಮಂಡಿಯೂರಿ, ಕೈಯಲ್ಲಿ ಆಯಸ್ಕಾಂತ ಹಿಡಿದು, ಲೇತಿನ ಕೆಳಗಿನ ಉಕ್ಕಿನ ಸಿಬಿರು ಕೆದಕಿದ. ಅಲ್ಲಿಲ್ಲ ಎಂದು ಗೊತ್ತಿದ್ದ ಸಾಮಾನನ್ನು ಮೈ ಬೆವರುವಷ್ಟು ಹುಡುಕಿದ. ಬಾಯಿಬಿಟ್ಟು ಹೇಳಿಬಿಡೋಣ ಎಂದು ಎರಡು ಸಲ ಎದ್ದು ನಿಂತದ್ದೂ ಉಂಟು.

ಹೇಳಗೊಡದೆ ಇದ್ದದ್ದು ದ್ರಾಕ್ಷಾಯಣಮ್ಮನವರ ಕನಸು. ಸಾವ್ಕಾರರ ಹೆಂಡತಿ. ಅಮಾವಾಸ್ಯೆಯ ದಿನ ಅವನನ್ನು ಹಿತ್ತಿಲಿಗೆ ಕರೆದು, ಕಾಫಿಯ ಲೋಟ ಮುಂದಿಟ್ಟು, ದನಿ ತಗ್ಗಿಸಿ ಹೇಳಿದ್ದರು.

“ಪಾಲಯ್ಯ, ಯಜಮಾನ್ರು ಕನಸಿಗೆ ಬರ್ತಾರೆ ಕಣೋ. ಕೂತೇ ಇರ್ತಾರೆ. ಏನೋ ಒತ್ತುತ್ತೈತೆ ಕಣೇ ದ್ರಾಕ್ಷಾಣಿ, ಕೂರಾಕ್ಕಾಗ್ತಿಲ್ಲ ಅಂತಾರೆ. ಏನು ಒತ್ತುತ್ತೈತೆ ಅಂದ್ರೆ ಹೇಳಲ್ಲ. ಅಯ್ಯನೋರನ್ನ ಕೇಳ್ದೆ. ಮಣ್ಣು ಮಾಡುವಾಗ ಏನಾದ್ರೂ ಲೋಪ ಆಗಿದ್ರೆ ಹಂಗೆ ಅಂದ್ರು. ಏನು ಲೋಪ ಆಗಿತ್ತೋ? ಎಲ್ಲ ನೋಡ್ಕೊಂಡೇ ಮಾಡಿದ್ವಿ.”

ಪಾಲಯ್ಯ ಕಾಫಿ ಕುಡಿಯದೆ ಲೋಟ ಕೆಳಗಿಟ್ಟಿದ್ದ. ಅನ್ನ ಹಾಕಿದ ದೊರೆಗೆ ಮಣ್ಣಿನೊಳಗೂ ನೆಮ್ಮದಿ ಇಲ್ಲದಂತೆ ಮಾಡಿದವನು ನಾನೇ ಎಂದು ಆ ಮುಖಕ್ಕೆ ಹೇಗೆ ಹೇಳುವುದು?

ಈಗ ಕೆಂಪು ಡಬ್ಬಿಯ ಮುಂದೆ ತೇಜಶ್ರೀಯೂ ಬಂದು ಕೂತಳು. ನೀಲಿ ನೋಟ್‌ಬುಕ್ಕು ತೆರೆದು ಚೌಕದ ಮೇಲೆ ಬೆರಳಿಟ್ಟಳು.

“ನಲವತ್ತೊಂದು. ಹೊಸದ್ರಲ್ಲೂ ಇದೇ ಇಡೋದಲ್ವಾ ಅಪ್ಪಾ?”

“ಇನ್ನೇನು? ಮುಳ್ಳು ಅದೇ, ಗೀಟು ಅದೇ.”

ಪಾಲಯ್ಯ ಗಂಟಲು ಸರಿಮಾಡಿಕೊಂಡ. “ಚಂದ್ರಣ್ಣ, ಹಳೇದು ಬೇರೆ, ಇದು ಬೇರೆ. ತೂತು ಬೇರೆ ಇರ್ತೈತೆ ಅನ್ಸುತ್ತೆ.”

“ಬೇರೆ ಅಂದ್ರೆ ಎಷ್ಟು ಬೇರೆ?”

“ಅದು ಎರಡೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಗೊತ್ತಾಗೋದು.”

“ಹಳೇದು ತಂದ್ಕೊಡು, ಇಟ್ಟು ನೋಡ್ತೀನಿ,” ಎಂದ ಚಂದ್ರಶೇಖರ. ಅದರಲ್ಲಿ ಚುಚ್ಚು ಇತ್ತೋ ಬರಿಯ ದಣಿವಿತ್ತೋ ಪಾಲಯ್ಯನಿಗೆ ತಿಳಿಯಲಿಲ್ಲ.

ತೇಜಶ್ರೀ ತಂದೆಯನ್ನು ಬಿಟ್ಟು ಅವನ ಕಡೆ ತಿರುಗಿದಳು. “ಪಾಲಯ್ಯಜ್ಜ, ನೀನು ಹೇಳು. ತಾತ ನನಗಿಂತ ಜಾಸ್ತಿ ನಿನ್ನ ಮಾತು ಕೇಳ್ತಿದ್ರು. ನಲವತ್ತೊಂದೇ ಇಡ್ಲಾ?”

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂಬುದಕ್ಕೆ ಉತ್ತರ ಆರಡಿ ಕೆಳಗೆ ಇತ್ತು. ಕಂಪನಿಯವರು ಸುಮ್ಮನೆ ಮಾಡಿರುತ್ತಾರೆಯೇ, ಸಾವ್ಕಾರರೂ ಯಾವುದೋ ಕಂಪನಿ ಮಾಲು ನೋಡಿಯೇ ಕಡೆದಿರಬೇಕು, ಎರಡೂ ಒಂದೇ ಇದ್ದರೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡ.

“ಇಡವ್ವ,” ಎಂದ.

ಎರಡು ದಿನ ಕೂತು ಅರವತ್ತು ತೋಟಾ ತುಂಬಿದರು. ಮದ್ದು ತೂಗುವುದು, ಗುಂಡು ಕೂರಿಸುವುದು ಅವಳು. ಬಿಲ್ಲೆ ತೊಡಿಸಿ ಮುಳ್ಳು ನೋಡುವುದು ಅವನು. ಅರವತ್ತಕ್ಕೆ ಅರವತ್ತೂ ನಲವತ್ತೊಂದರ ಮೇಲೆ ನಿಂತವು. ಅಷ್ಟು ಒಂದೇ ಸಮ ಸಾವ್ಕಾರರ ಕಾಲದಲ್ಲೂ ಬಂದಿರಲಿಲ್ಲ. ಆದರೆ ಪಾಲಯ್ಯನಿಗೆ ಒಂದು ಅಭ್ಯಾಸ, ಅಳೆದ ತೋಟಾವನ್ನು ಪೆಟ್ಟಿಗೆಗೆ ಇಡುವ ಮೊದಲು ಹಿತ್ತಾಳೆಯ ಅಂಚಿನಿಂದ ಗುಂಡಿನ ಮೇಲಕ್ಕೆ ಹೆಬ್ಬೆರಳು ಸವರುವುದು. ಮೊದಲನೆಯ ತೋಟಾದಲ್ಲೇ ಹೆಬ್ಬೆರಳು ತಡೆದು ನಿಂತಿತು. ಗುಂಡು ಹೊರಗೆ ನಿಂತ ಹಾಗಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಹೊಸ ಬಿಲ್ಲೆಯ ತೂತು ದೊಡ್ಡದು, ಅದು ಗುಂಡಿನ ಮೇಲೆ ಇನ್ನಷ್ಟು ಕೆಳಗೆ ಜಾರಿ ಕೂರುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ. ಆ ಕಡಿಮೆಯನ್ನು ತುಂಬಲು ಗುಂಡನ್ನು ಹೊರಗೆ ಬಿಟ್ಟಿದ್ದೇವೆ. ಹೆಬ್ಬೆರಳು ಇದೆಲ್ಲ ಹೇಳಿತು. ಪಾಲಯ್ಯ ತೋಟಾವನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ತೆಗೆದುಕೊಂಡ.

ದೊಡ್ಡೇರಿ ಕಡೆಯ ಹಳೆಯ ಕಲ್ಲುಕ್ವಾರಿಯಲ್ಲಿ ಕ್ಲಬ್ಬಿನ ಗುರಿಮೈದಾನ. ಅಲ್ಲಿ ಹತ್ತು ಗುಂಡು ಹಾರಿಸಿ ನೋಡಿದರು. ಹತ್ತೂ ಗುರಿಹಲಗೆಯಲ್ಲಿ ಒಂದು ಅಂಗೈಯಗಲದೊಳಗೆ ಬಿದ್ದವು.

“ಬೋಲ್ಟ್ ಮುಚ್ಚುವಾಗ ಸ್ವಲ್ಪ ಬಿಗಿ ಐತಪ್ಪಾ,” ಎಂದಳು ತೇಜಶ್ರೀ, ತೋಟಾವನ್ನು ಕೊಳವೆಗೆ ತಳ್ಳಿ ಮುಚ್ಚುವ ಆ ಅಗುಳಿಯನ್ನು ಎಳೆದು ತೋರಿಸುತ್ತ.

“ವರ್ಷ ಠಾಣೇಲಿ ಬಿದ್ದಿತ್ತಲ್ಲ, ಎಣ್ಣೆ ಒಣಗಿರ್ತೈತೆ. ಎರಡು ಹನಿ ಬಿಡು,” ಎಂದ ಚಂದ್ರಶೇಖರ.

ಎಣ್ಣೆ ಬಿಟ್ಟರು. ಹಾರಿಸಿದ ಗುಂಡು ಹೇಗಿದ್ದರೂ ಹೊರಗೆ ಹೋಗುತ್ತದೆ. ಹಾರಿಸದೆ ವಾಪಸ್ ತೆಗೆಯುವ ಸಂದರ್ಭ ಆ ದಿನ ಬರಲಿಲ್ಲ.

ಪಂದ್ಯದ ಹಿಂದಿನ ದಿನ ಪಾಲಯ್ಯ ಸಂಜೆಯ ಬಸ್ಸಿಗೆ ಹಟ್ಟಿಗೆ ಹೋದ. ಬಸ್ಸಿನ ಕಿಟಕಿಯಿಂದ ಬಯಲು ನೋಡುತ್ತ ಕೂತ. ಆಚೆ ವರವು ಕಾವಲಿನ ಹುಲ್ಲುಬಯಲಿನಲ್ಲಿ ಅವನು ಅಪ್ಪನ ಹಿಂದೆ ಮೊಲದ ಜಾಡು ಹಿಡಿದು ತಿರುಗಿದ್ದ. ಈಗ ಅದಕ್ಕೆ ಬೇಲಿ. ಹೆಂಡತಿ ಹೊನ್ನಕ್ಕ ಮುದ್ದೆ ತಿರುವುತ್ತಿದ್ದಳು. ಅವನ ಮುಖ ನೋಡಿ ಕೋಲು ನಿಲ್ಲಿಸಿದಳು.

“ಏಮಯ್ಯಾ, ಯಾರಿಗೋ ಮಣ್ಣು ಕೊಟ್ಟು ಬಂದಂಗೆ ಐದೀಯಾ?”

ಅವಳಿಗೆ ಹೇಳಿದ. ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ. ಹೊನ್ನಕ್ಕ ಗಡಿಗೆಯನ್ನು ಒಲೆಯಿಂದ ಇಳಿಸಿದಳು.

“ನಿಮ್ಮಪ್ಪಗೆ ಗಜ ಹಾಕಿದ್ದು ಸರಿ,” ಎಂದಳು. “ಅದು ನಿಮ್ಮಪ್ಪಂದು. ಬಿಲ್ಲೆ ಯಾರ್ದು? ಸತ್ತೋರ್ದಾ? ಆ ಹುಡುಗಿ ಇನ್ನೂ ಅಳೀಬೇಕಿತ್ತಲ್ಲೋ. ಸೇರು ಹೂತುಬಿಟ್ಟು ಕಾಳು ಅಳಿ ಅಂದಂಗಾಯ್ತು.”

“ಅದು ಆಗ ಹೊಳೀಲಿಲ್ಲ.”

“ಈಗ ಹೊಳದೈತಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಿ ಹೇಳು.”

“ಅಮ್ಮೋರಿಗೆ ಏನಂತ ಹೇಳಲೇ? ನಿಮ್ಮ ಗಂಡನ್ನ ಒತ್ತುತಿರಾದು ನಾನು ಅಂತಲಾ?”

“ಸತ್ತೋರಿಗೆ ಒತ್ತಿದ್ರೆ ಅವರು ಕನಸಲ್ಲಿ ಬಂದು ಹೇಳ್ತಾರೆ. ಬದುಕಿರೋರಿಗೆ ಒತ್ತಿದ್ರೆ ಯಾರ ಕನಸಿಗೆ ಹೋಗ್ತಾರೆ? ಉಣ್ಣು ಮೊದ್ಲು,” ಎಂದು ಮುದ್ದೆ ಬಡಿಸಿದಳು.

ಮೊದಲ ಬಸ್ಸಿಗೇ ಹೊರಟ. ಮೈದಾನ ಮುಟ್ಟಿದಾಗ ಬಿಸಿಲಿನ್ನೂ ಏರಿರಲಿಲ್ಲ. ಹೊರಗಿನ ಊರುಗಳಿಂದ ಆಟಗಾರರು, ತೀರ್ಪುಗಾರರು ಬಂದಿದ್ದರು. ತೇಜಶ್ರೀ ಚಾಪೆ ಬಿಚ್ಚುತ್ತಿದ್ದಳು. ಅವನನ್ನು ಕಂಡು ಮುಖ ಅರಳಿಸಿದಳು.

“ಅಜ್ಜ ಬಂದ್ಯಾ! ನೀನು ಬರದಿದ್ರೆ ನನಗೆ ಕೈಯೇ ಓಡ್ತಿರ್ಲಿಲ್ಲ. ನನ್ನ ಹಿಂದೇನೇ ನಿಂತ್ಕೋ.”

“ತಾಯೀ, ಒಂದು ಮಾತು...”

“ಪಂದ್ಯ ಆಗ್ಲಿ ಅಜ್ಜ, ಈಗ ಏನೂ ಹೇಳ್ಬೇಡ. ತಲೆ ಖಾಲಿ ಇಟ್ಕೋಬೇಕು ಅಂತ ತಾತ ಹೇಳ್ತಿದ್ರಲ್ಲ.”

ಅವನು ಅವಳ ಹಿಂದೆ ಹೋಗಿ ನಿಂತ. ನಿಜ ಹೇಳಬೇಕೆಂದರೆ, ಅವಳು ಬೇಡ ಎಂದದ್ದಕ್ಕೆ ಅವನ ಎದೆ ಹಗುರಾಯಿತು. ಆ ಹಗುರನ್ನು ಅವನು ಆಮೇಲೆ ಎಂದೂ ತನಗೆ ಕ್ಷಮಿಸಿಕೊಳ್ಳಲಿಲ್ಲ.

ಪಂದ್ಯ ಶುರುವಾಯಿತು. ಮೊದಲ ತೋಟಾ ಇಟ್ಟು ಬೋಲ್ಟ್ ಒತ್ತಿದಾಗ ಕೊನೆಯ ಬೆರಳಗಲದಲ್ಲಿ ಬಿಗಿಯಿತು. ತೇಜಶ್ರೀ ಕತ್ತು ಹೊರಳಿಸಿ ಹಿಂದೆ ನೋಡಿದಳು. ಪಾಲಯ್ಯ ಮುಚ್ಚು ಎಂಬಂತೆ ತಲೆಯಾಡಿಸಿದ. ಅವಳು ಬಲ ಹಾಕಿ ಮುಚ್ಚಿದಳು.

ಒಂದು, ಎರಡು, ಮೂರು. ಚೆನ್ನಾಗಿ ಹೊಡೆಯುತ್ತಿದ್ದಳು. ಹನ್ನೊಂದರವರೆಗೂ ದುರ್ಬೀನು ಹಿಡಿದ ಚಂದ್ರಶೇಖರನ ಮುಖದಲ್ಲಿ ನಗು ಇತ್ತು. ಹನ್ನೆರಡನೆಯ ತೋಟಾ ಇಟ್ಟು, ಬೋಲ್ಟ್ ಮುಚ್ಚಿ, ಉಸಿರು ಬಿಗಿಹಿಡಿದಳು. ಆಗ ಕ್ವಾರಿಯ ಆಚೆಯ ದಿಬ್ಬದ ಮೇಲೆ ಕುರಿಗಳು ಕಂಡವು. ಮೊದಲು ಎರಡು, ಆಮೇಲೆ ಹಿಂಡು. ಕೆಂಪು ಬಾವುಟ ಎದ್ದಿತು. ಸೀಟಿ ಊದಿದರು.

“ಎಲ್ಲರೂ ನಿಲ್ಲಿಸಿ! ತೋಟಾ ತೆಗೀರಿ!”

“ಯಾವನಲೇ ಅವನು ಕುರಿಯೋನು!” ಎಂದು ವೀರೇಶ್ ಕೂಗಿದ. ಎಲ್ಲರೂ ನಕ್ಕರು. ದಿಬ್ಬದ ಮೇಲಿನ ಕುರಿಗಾಹಿ ತಾನೂ ಕೈ ಬೀಸಿದ.

ತೇಜಶ್ರೀ ಬೋಲ್ಟ್ ಹಿಂದಕ್ಕೆಳೆದಳು. ಬರಲಿಲ್ಲ. ಜೋರಾಗಿ ಎಳೆದಳು. ಹಿತ್ತಾಳೆ ಬಂತು, ಗುಂಡು ಬರಲಿಲ್ಲ. ಬಾಯಿ ತೆರೆದ ತೋಟಾದಿಂದ ಮದ್ದು ಸಾಸಿವೆಯ ಹಾಗೆ ಸುರಿದು ಬೋಲ್ಟಿನ ಸಂದಿಗಳಿಗೆಲ್ಲ ಇಳಿಯಿತು. ಗುಂಡು ಗೀರುಗಳಿಗೆ ಕಚ್ಚಿಕೊಂಡು ಕೊಳವೆಯಲ್ಲೇ ಉಳಿದಿತ್ತು.

ತೀರ್ಪುಗಾರ ಬಂದು ಬಗ್ಗಿ ನೋಡಿದ. ಒಳ್ಳೆಯ ಮನುಷ್ಯ, ದನಿಯಲ್ಲಿ ಮರುಕವಿತ್ತು. “ಕೊಳವೇಲಿ ಗುಂಡು ಐತಮ್ಮ. ಈ ರೈಫಲ್ ಇವತ್ತು ಗೆರೆ ಮೇಲೆ ಇಡೋ ಹಂಗಿಲ್ಲ. ಮಿಕ್ಕಿದ್ದು ಸೊನ್ನೆ ಅಂತಲೇ ಬರೀಬೇಕಾಗ್ತೈತೆ.”

ಒಂಬತ್ತು ಸೊನ್ನೆ. ಕುರಿಗಳು ದಿಬ್ಬ ಇಳಿದು ಹೋದವು. ಉಳಿದವರು ಮತ್ತೆ ಮಲಗಿ ಹೊಡೆಯತೊಡಗಿದರು. ತೇಜಶ್ರೀ ಚಾಪೆ ಸುತ್ತಿದಳು, ಅಳಲಿಲ್ಲ.

ಜೀಪಿನಲ್ಲಿ ವಾಪಸ್ ಹೊರಟರು. ಮಿಲ್ಲಿನ ಗೇಟು ಹತ್ತಿರ ಬಂದಾಗ ತೇಜಶ್ರೀ ಹೇಳಿದಳು.

“ನನ್ನದೇ ತಪ್ಪಪ್ಪಾ. ಗುಂಡು ಕೂರಿಸೋವಾಗ ಎಲ್ಲೋ ಹಿಡಿಕೆ ಸರಿ ಒತ್ತಿಲ್ಲ ನಾನು. ಅಜ್ಜ ಅಳದದ್ದು ಸರೀನೇ ಇರ್ತೈತೆ. ಅಜ್ಜನ ಕೈ ತಪ್ಪಲ್ಲ.”

ಪಾಲಯ್ಯನಿಗೆ ಚಪ್ಪಲಿ ತೆಗೆದು ಹೊಡೆದಿದ್ದರೆ ಸಹಿಸುತ್ತಿದ್ದ. ಇದನ್ನು ಸಹಿಸಲಾಗಲಿಲ್ಲ. ಜೀಪಿನಿಂದ ಇಳಿದವನು ಕೋಣೆಗೆ ಹೋಗದೆ ನೆಟ್ಟಗೆ ಮನೆಯ ಹಿತ್ತಿಲಿಗೆ ಹೋದ. ದ್ರಾಕ್ಷಾಯಣಮ್ಮ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ತಂದೆ ಮಗಳು ಅವನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಅವನು ತಿರುಗಿ ನೋಡಲಿಲ್ಲ. ನೆಲದ ಮೇಲೆ ಕೂತು, ನೆಲವನ್ನೇ ನೋಡುತ್ತ ಎಲ್ಲ ಹೇಳಿದ. ಮುಷ್ಟಿಯ ಮಣ್ಣು, ಬಿಲ್ಲೆ, ಆಯಸ್ಕಾಂತ, ನಲವತ್ತೊಂದು, ಹೆಬ್ಬೆರಳು, ತಲೆಯಾಡಿಸಿದ್ದು. ಏನನ್ನೂ ಬಿಡಲಿಲ್ಲ.

ಮೊರ ಆಡುವುದು ನಿಂತಿತ್ತು.

“ಯಾವ ಕಡೆ ಬಿತ್ತು?” ಎಂದರು ದ್ರಾಕ್ಷಾಯಣಮ್ಮ.

“ಏನಮ್ಮಾರೆ?”

“ಬಿಲ್ಲೆ. ಎಡಗಡೆನೋ ಬಲಗಡೆನೋ?”

“ಎಡಗಡೆ. ತೊಡೆ ಪಕ್ಕ.”

ಅವರು ಕಣ್ಣು ಮುಚ್ಚಿಕೊಂಡರು. “ಎಡಗಡೆನೇ ಒತ್ತುತ್ತೈತೆ ಅಂತಿದ್ರು,” ಎಂದರು. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಹೊರಗೂ ಬರಲಿಲ್ಲ.

ಚಂದ್ರಶೇಖರ ಬೈಯಲಿಲ್ಲ. “ಒಂದು ಮಾತು ಹೇಳಿದ್ರೆ ಹೊಸದಾಗಿ ಅಂಕಿ ಕಂಡುಹಿಡೀತಿದ್ವಿ. ಎರಡು ದಿನದ ಕೆಲಸ. ಎರಡೇ ದಿನ ಪಾಲಣ್ಣ,” ಎಂದ. ಅಷ್ಟೇ. ಮಾರನೆಯ ದಿನ ಕೋಣೆಯ ಬೀಗದ ಕೈ ಮೊಳೆಯಲ್ಲಿ ಇರಲಿಲ್ಲ. ಮೂವತ್ತೆರಡು ವರ್ಷ ಆ ಮೊಳೆಯಲ್ಲಿ ತೂಗಿದ್ದ ಕೈ.

ರೈಫಲ್ ಠಾಣೆಗೆ ಒಪ್ಪಿಸುವ ಹಿಂದಿನ ದಿನ ತೇಜಶ್ರೀಯಿಂದ ಫೋನು ಬಂತು. ಬಾ ಎಂದಳು, ಇನ್ನೇನೂ ಹೇಳಲಿಲ್ಲ. ಹೋದ. ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಕೊಳವೆಯ ಗುಂಡು ತೆಗೆಸಿ, ರೈಫಲ್ ತೊಳೆದು ಒರೆಸಿಟ್ಟಿದ್ದಳು. ಮೇಜಿನ ಮೇಲೆ ಮದ್ದಿಲ್ಲದ ಖಾಲಿ ತೋಟಾಗಳು ಏಳೆಂಟು, ಗುಂಡನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ, ಬೋಲ್ಟ್ ಮುಚ್ಚಿ ತೆಗೆದು, ಗೀರಿನ ಗುರುತು ನೋಡಿ ನೋಡಿ ಇಟ್ಟವು. ನೋಟ್‌ಬುಕ್ಕಿನಲ್ಲಿ ತಾತನ ಚೌಕದ ಕೆಳಗೆ ಹೊಸ ಚೌಕ ಹಾಕಿದ್ದಳು. ಮೂವತ್ತಮೂರು.

“ಎಂಟು ಗೀಟು ವ್ಯತ್ಯಾಸ ಅಜ್ಜ,” ಎಂದಳು. “ನೋಡು, ಇದನ್ನ ಅಳಿ.”

ಒಂದು ಖಾಲಿ ತೋಟಾ ಅವನ ಮುಂದಿಟ್ಟಳು. ಪಾಲಯ್ಯ ಹೊಸ ಬಿಲ್ಲೆ ತೊಡಿಸಿದ, ವರ್ನಿಯರ್ ಹಿಡಿದ. ಮುಳ್ಳು ಮೂವತ್ತಮೂರರ ಮೇಲೆ ನಿಂತಿತು. ಆಮೇಲೆ ತಡೆಯಲಾರದೆ ಹೆಬ್ಬೆರಳು ಸವರಿದ. ಅದೇ. ಸಾವ್ಕಾರರ ಕಾಲದ್ದೇ.

“ಸರಿಯಾಗೈತವ್ವ,” ಎಂದ. “ಯಾತಕ್ಕೆ ಬಂತು ಈಗ? ನಾಳೆ ಹೋಗ್ತೈತಲ್ಲ.”

“ಹೋಗ್ಲಿ. ಆ ತೋಟಾನ ನೀನು ಇಟ್ಕೋ. ರೈಫಲ್ ವಾಪಸ್ ಬಂದಾಗ ಈ ಬಿಲ್ಲೆ ಇರ್ತೈತೋ ಇನ್ನೊಂದು ಇರ್ತೈತೋ. ಯಾವುದಿದ್ರೂ ಮೊದ್ಲು ಇದಕ್ಕೆ ತೊಡಿಸಿ ನೋಡ್ತೀನಿ.”

“ಅಷ್ಟೊತ್ತಿಗೆ ನಾನಿರಲ್ಲ ತಾಯಿ.”

“ಹಂಗಾದ್ರೆ ಯಾರ ಕೈಗೆ ಕೊಡ್ತೀಯ ಅಂತ ಈಗ್ಲೇ ಹೇಳ್ಬಿಡು,” ಎಂದಳು ತೇಜಶ್ರೀ. ಅವಳ ಮುಖದಲ್ಲಿ ನಗು ಇರಲಿಲ್ಲ. “ಮಣ್ಣೊಳಗೆ ಮಾತ್ರ ಹಾಕ್ಬೇಡ.”

ಅವನು ತೋಟಾವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಹೊರಡುವಾಗ ಹಿತ್ತಿಲ ಬಾಗಿಲಲ್ಲಿ ದ್ರಾಕ್ಷಾಯಣಮ್ಮ ನಿಂತಿದ್ದರು. ಕೇಳಬಾರದು ಅಂದುಕೊಂಡೂ ಕೇಳಿದ.

“ಅಮ್ಮಾರೆ, ಈಗಲೂ ಬರ್ತಾರಾ?”

“ಬರ್ತಾರೆ.”

“ಏನಂತಾರೆ?”

“ಏನೂ ಅನ್ನಲ್ಲ ಈಗ. ಸುಮ್ನೆ ಕೂತಿರ್ತಾರೆ.”

ಹಟ್ಟಿಗೆ ಬಂದು ತೋಟಾವನ್ನು ಹೊನ್ನಕ್ಕನ ಕೈಗೆ ಕೊಟ್ಟ, ಅದು ಏನು, ಯಾರದು, ಯಾರಿಗೆ ಸೇರಬೇಕಾದದ್ದು ಎಂದು ಎರಡೆರಡು ಸಲ ಹೇಳಿದ. ಅವಳು ಅಟ್ಟದ ಮೇಲಿಂದ ಅವನ ಅವ್ವನ ಕಾಲದ ಅಂಚು ಸವೆದ ಸೇರನ್ನು ಇಳಿಸಿ, ಧೂಳು ಒರೆಸಿ, ತೋಟಾವನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಇಟ್ಟಳು.

“ಹುಷಾರು,” ಎಂದ ಪಾಲಯ್ಯ. “ಗುಂಡು ಒಳಗೆ ಒತ್ತಬಾರ್ದು.”

“ಗೊತ್ತು ಬಿಡು,” ಎಂದಳು ಹೊನ್ನಕ್ಕ.